ಚಿಕ್ಕಮ್ಮನ ತೋಳಿನ ಕಲೆ

ಮೊನ್ನೆ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಒಂದು ಸುದ್ದಿ ಬಂತು. ‘ಕ್ಯಾನ್ಸರ್ ಕೊಲ್ಲುವ ವೈರಸ್ ಸಿಕ್ಕಿದೆ, ಇನ್ನು ಕೀಮೋ ಬೇಡ.’ ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರ. ಸಿದ್ದಾಪುರದ ಚಿಕ್ಕಮ್ಮನೂ ಅದೇ ಗ್ರೂಪಿನಲ್ಲಿದ್ದಾಳೆ ಅನ್ನೋದು ಯಾರಿಗೂ ನೆನಪಾಗಲಿಲ್ಲ.

ಅವಳಿಗೆ ಅಂಡಾಶಯದ ಕ್ಯಾನ್ಸರ್. ಹೊಟ್ಟೆ ಉಬ್ಬರ ಅಂತ ಆರು ತಿಂಗಳು ಗ್ಯಾಸಿನ ಮಾತ್ರೆ, ಜೀರಿಗೆ ಕಷಾಯದಲ್ಲೇ ಕಳೆದಳು. ಗೊತ್ತಾಗುವಾಗ ಹೊಟ್ಟೆಯೆಲ್ಲ ಹರಡಿತ್ತು. ಆಪರೇಷನ್ ಆಯ್ತು, ಹುಬ್ಬಳ್ಳಿಗೆ ಓಡಾಡಿ ಕೀಮೋನೂ ಆಯ್ತು. ನಾಲ್ಕೇ ತಿಂಗಳಿಗೆ ಮತ್ತೆ ಬಂತು. ಕೀಮೋದಲ್ಲಿ ಕೊಡುವ ಕಾರ್ಬೋಪ್ಲಾಟಿನ್‌ನಂಥ ಪ್ಲಾಟಿನಂ ಔಷಧ ಮುಗಿದು ಆರು ತಿಂಗಳೊಳಗೆ ಮರಳಿದರೆ, ಅದು ಆ ಔಷಧಕ್ಕೆ ಜಗ್ಗದ ಕ್ಯಾನ್ಸರ್ ಅಂತ ಲೆಕ್ಕ.

ರಾತ್ರಿ ಕೂತು ಓದಿದೆ. ಸುದ್ದಿ ಪೂರ್ತಿ ಸುಳ್ಳಲ್ಲ. ‘ಕೀಮೋ ಬೇಡ’ ಅನ್ನೋದು ಮಾತ್ರ ಶುದ್ಧ ಸುಳ್ಳು. ಅಮೆರಿಕದಲ್ಲಿ ಓಲ್ವಿ-ವೆಕ್ ಎಂಬ ವೈರಸ್ಸನ್ನು ಇಂಥ 27 ಹೆಂಗಸರಿಗೆ ಕೊಟ್ಟು ನೋಡಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಹೊಟ್ಟೆಗೆ ಸಣ್ಣ ನಳಿಗೆ ಇಟ್ಟು ಎರಡು ದಿನ ವೈರಸ್ ಬಿಡುತ್ತಾರೆ. ಅದು ಕ್ಯಾನ್ಸರ್ ಕೋಶದೊಳಗೆ ಹೊಕ್ಕು, ಮರಿ ಹಾಕಿ, ಕೋಶವನ್ನೇ ಒಡೆಯುತ್ತದೆ. ಒಡೆದ ಚೂರು ಕಂಡು ಮೈಯ ಕಾವಲಿನವರು ಎಚ್ಚರಾಗುತ್ತಾರೆ. ಆಮೇಲೆ ಕೊಡೋದು ಏನು? ಮತ್ತೆ ಅದೇ ಪ್ಲಾಟಿನಂ ಕೀಮೋ! ಸೋತ ಔಷಧಕ್ಕೆ ಇನ್ನೊಮ್ಮೆ ದಾರಿ ಮಾಡಿಕೊಡೋದೇ ವೈರಸ್ಸಿನ ಕೆಲಸ. ಗಡ್ಡೆ ಅಳೆಯಲು ಸಾಧ್ಯವಿದ್ದ 24 ಮಂದಿಯಲ್ಲಿ 13 ಮಂದಿಗೆ ಅದು ಕುಗ್ಗಿತು. ರೋಗ ಸುಮಾರು 11 ತಿಂಗಳು ಬೆಳೆಯದೆ ನಿಂತಿತು. ಗುಣ ಅಲ್ಲ, 11 ತಿಂಗಳು. ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಅದಕ್ಕೇ ದೊಡ್ಡ ಪರೀಕ್ಷೆ ಶುರು ಮಾಡಿದರು.

ಇಷ್ಟನ್ನೂ ಬಿಟ್ಟು ಸುಮ್ನೆ ‘ಕೀಮೋ ಬೇಡ’ ಅಂತ ಕಳಿಸಿದರೆ ಕೀಮೋ ಕುರ್ಚಿಯಲ್ಲಿ ಕೂತವಳು ಏನು ಅಂದುಕೊಳ್ಳಬೇಕು? ನನಗೆ ಸಿಟ್ಟು ಬಂದದ್ದು ಅಲ್ಲಿ. ಕಳಿಸಿದವನು ನನ್ನ ಅಣ್ಣನೇ, ಇರಲಿ.

ಮರುದಿನ ಅವಳೇ ಫೋನ್ ಮಾಡಿದಳು. "ತಮಾ, ಮಂಗನ ಕಾಯಿಲೆ ಥರದ್ದನ್ನ ಹೊಟ್ಟೆಗೆ ಬಿಡ್ತಾರಾ?" ಸಿದ್ದಾಪುರದವರಿಗೆ ವೈರಸ್ ಅಂದರೆ ಅದೇ ತಾನೇ.

"ಅಲ್ಲ ಚಿಕ್ಕಮ್ಮ. ನಿನ್ನ ತೋಳಲ್ಲಿ ಸಿಡುಬಿನ ದಾಕಿನ ಕಲೆ ಇದೆ ಅಲ್ವಾ? ಆ ದಾಕಿನಲ್ಲಿದ್ದ ವ್ಯಾಕ್ಸಿನಿಯಾ ಜಾತಿಯದ್ದೇ ಇದು. ತಿದ್ದಿ ಪಳಗಿಸಿದ್ದಾರೆ."

ಸ್ವಲ್ಪ ಹೊತ್ತು ಮಾತಿಲ್ಲ. ಕಲೆ ಸವರಿಕೊಳ್ಳುತ್ತಿದ್ದಳೇನೋ.

"ಹುಬ್ಬಳ್ಳಿಗೆ ಬಂದಿದೆಯಾ ಅದು?"

"ಇಲ್ಲ."

"ಹಾಗಾದ್ರೆ ಸೋಮವಾರ ಬೆಳಗಿನ ಬಸ್ಸಿಗೆ ಬಾ. ಕೀಮೋ ಇದೆ."