ತಿಕ್ಕುವ ಕೈಗೆ ಸಿಕ್ಕಿದ ಕಾರು

ನಮ್ಮ ಮನೆಯಲ್ಲಿ ಶುಚಿ ಎಂಬ ಮಾತಿಗೆ ಮೊದಲಿನಿಂದಲೂ ಇದ್ದ ಅರ್ಥ ಒಂದೇ, ತಿಕ್ಕುವುದು. ಹಿತ್ತಾಳೆಯ ಕೊಳಗವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿ ಕೂರಿಸಿದ ಮಕ್ಕಳನ್ನು ಸೀಗೆಪುಡಿಯಿಂದ ಕಣ್ಣೀರು ಬರುವ ತನಕ ತಿಕ್ಕುತ್ತಿದ್ದರು. ಸಂಕ್ರಾಂತಿಗೆ ಕೆರೆಗೆ ಇಳಿಸಿದ ಎತ್ತುಗಳ ಮೈಯನ್ನು ಒಣಹುಲ್ಲಿನ ಹಿಡಿಯಿಂದ ತಿಕ್ಕುತ್ತಿದ್ದರು. ತಿಕ್ಕಿದಷ್ಟೂ ಹೊಳಪು ಎಂಬ ಈ ನಂಬಿಕೆಯನ್ನು ಪಿತ್ರಾರ್ಜಿತವಾಗಿ ಪಡೆದ ನಾನು, ಏಳು ವರ್ಷಗಳ ಹಿಂದೆ ಕಡುನೀಲಿ ಬಣ್ಣದ ಪುಟ್ಟ ಕಾರೊಂದನ್ನು, ಅದೂ ಒಬ್ಬರು ಓಡಿಸಿ ಬಿಟ್ಟದ್ದನ್ನು, ಕೊಂಡು ತಂದ ಮೊದಲ ಭಾನುವಾರವೇ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಬಕೆಟ್ಟಿನಲ್ಲಿ ಬಟ್ಟೆ ಒಗೆಯುವ ಪುಡಿಯನ್ನು ಕದಡಿ, ಹಳೆಯ ಬನಿಯನ್ನೊಂದನ್ನು ಅದರಲ್ಲಿ ಅದ್ದಿ, ಬಾನೆಟ್ಟಿನ ಮೇಲೆ ಎಡಗೈ ಊರಿ ಬಲಗೈಯಿಂದ ತಿಕ್ಕತೊಡಗಿದೆ.

ಕಾರು ಹೊಳೆಯಿತು, ಸುಳ್ಳಲ್ಲ. ಆದರೆ ಆ ರಾತ್ರಿ ಬೀದಿದೀಪದ ಕೆಳಗೆ ಅದನ್ನು ಇನ್ನೊಮ್ಮೆ ಕಣ್ತುಂಬ ನೋಡಲು ಹೋದಾಗ, ಬಾನೆಟ್ಟಿನಲ್ಲಿ ಮೂಡಿದ್ದ ದೀಪದ ಬಿಂಬದ ಸುತ್ತ ಜೇಡನ ಬಲೆಯಂತೆ ಸಣ್ಣ ಸಣ್ಣ ಗೀರುಗಳು ಸುತ್ತಿಕೊಂಡಿದ್ದವು. ನಾನು ಎರಡು ಹೆಜ್ಜೆ ಸರಿದರೆ ಬಲೆಯೂ ನನ್ನೊಡನೆ ಎರಡು ಹೆಜ್ಜೆ ಸರಿಯಿತು. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಬೆಳಕಿಗೆ ಅಡ್ಡವಾಗಿ ಬಿದ್ದಿರುವವು ಮಾತ್ರ ಮಿನುಗಿ ಕಣ್ಣಿಗೆ ಕಾಣುವುದರಿಂದ ಅವು ದೀಪದ ಸುತ್ತ ವೃತ್ತಗಳಂತೆ ತೋರುತ್ತವೆ ಎಂಬ ವಿವರಣೆ ನನಗೆ ತಿಳಿದದ್ದು ಬಹಳ ತಡವಾಗಿ. ಆ ಕ್ಷಣಕ್ಕೆ ಮಾತ್ರ ಕಾರನ್ನು ಮಾರಿದವರನ್ನು ಮನಸ್ಸಿನಲ್ಲೇ ಬೈದುಕೊಂಡು ಮಲಗಿದೆ. ತಿಂಗಳ ಮೇಲೆ ನಮ್ಮ ಬೀದಿಯ ತುದಿಯ ಗ್ಯಾರೇಜಿನವರು ಬಾನೆಟ್ಟನ್ನು ಓರೆಗಣ್ಣಿನಿಂದ ನೋಡಿ, "ಇದು ರಸ್ತೆಯ ಗೀರಲ್ಲ ಸಾರ್, ಬಟ್ಟೆಯ ಗೀರು" ಎಂದರು. ಅವರ ದನಿಯಲ್ಲಿ ಆರೋಪವೇನೂ ಇರಲಿಲ್ಲ. ವೈದ್ಯರು ಸಕ್ಕರೆ ಕಾಯಿಲೆಯನ್ನು ತಿಳಿಸುವಾಗಿನ ಸಮಾಧಾನವಿತ್ತು.

ಕಾರಿನ ಬಣ್ಣ ಎಂದು ನಾವು ಕರೆಯುವುದು ಒಂದರ ಮೇಲೊಂದು ಕೂರಿಸಿದ ಕೆಲವು ಪದರಗಳು. ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುವ ಅಡಿಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಾವು ಆರಿಸಿಕೊಂಡ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ, ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇವೆಲ್ಲ ಸೇರಿ ಸುಮಾರು 100 ಮೈಕ್ರಾನ್ ದಪ್ಪ, ಅಂದರೆ ನಾವು ಪ್ರಿಂಟ್ ತೆಗೆಯುವ ಒಂದು ಬಿಳಿ ಹಾಳೆಯಷ್ಟು. ಅದರಲ್ಲಿ ಹೊಳಪನ್ನು ಹೊತ್ತಿರುವ ಮೇಲಿನ ಪದರದ ಪಾಲು 40ರಿಂದ 50 ಮೈಕ್ರಾನ್. ಮೂರು ತಲೆಮಾರಿನ ಹೆಂಗಸರು ಬೂದಿ ಹಾಕಿ ತಿಕ್ಕಿದರೂ ಸವೆಯದ ಕೊಳಗವನ್ನು ಕಂಡು ಬೆಳೆದ ಕೈಗೆ, ಹಾಳೆಯ ಅರ್ಧದಷ್ಟು ತೆಳುವಾದ ವಸ್ತುವನ್ನು ಮುಟ್ಟುವ ಬಗೆಯಾದರೂ ಹೇಗೆ ಗೊತ್ತಿರಬೇಕು? ಅದರ ಮೇಲೆ ಕೂತಿರುವುದು ಬೆಂಗಳೂರಿನ ಧೂಳು. ಎದುರು ಸೈಟಿನಲ್ಲಿ ಮನೆ ಏಳುತ್ತಿದೆ, ಹಿಂದಿನ ಬೀದಿಯಲ್ಲಿ ಚರಂಡಿ ಅಗೆದಿದ್ದಾರೆ. ಗಾಳಿಯಲ್ಲಿ ತೇಲಿ ಬರುವುದು ಸಿಮೆಂಟು ಮತ್ತು ಮರಳಿನ ಕಣ. ಮರಳು ಬಣ್ಣಕ್ಕಿಂತ ಗಟ್ಟಿ. ಹಾಗಾಗಿ ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಹಳದಿ ಬಟ್ಟೆಯಿಂದ ಗಾಡಿಯನ್ನು ಒಣದಾಗಿಯೇ ಬಡಿದು ಒರೆಸುವ ಶ್ರದ್ಧಾವಂತರನ್ನು ಕಂಡಾಗಲೆಲ್ಲ ನನಗೆ ಉಪ್ಪುಕಾಗದದ ನೆನಪಾಗುತ್ತದೆ.

ನಡುವೆ ಕೆಲವು ತಿಂಗಳು ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿ, ಬೀದಿಯ ಇಪ್ಪತ್ತು ಕಾರುಗಳನ್ನು ತಿಂಗಳ ಲೆಕ್ಕದಲ್ಲಿ ತೊಳೆಯುತ್ತಿದ್ದ ಹುಡುಗನಿಗೆ ಕೆಲಸವನ್ನು ಒಪ್ಪಿಸಿದ್ದೆ. ಅವನ ಬಳಿ ಇದ್ದದ್ದು ಒಂದು ಬಕೆಟ್ಟು, ಒಂದು ಬಟ್ಟೆ, ಬೆಳಗಿನ ಎರಡು ಗಂಟೆ. ಮೊದಲನೆಯ ಕಾರಿನ ಧೂಳು ಹತ್ತನೆಯ ಕಾರಿಗೆ, ಹತ್ತನೆಯದರದ್ದು ಇಪ್ಪತ್ತನೆಯದಕ್ಕೆ ವರ್ಗವಾಗುವುದು ಆ ಲೆಕ್ಕದಲ್ಲಿ ಅನಿವಾರ್ಯ. ಅದು ಅವನ ತಪ್ಪಲ್ಲ, ಒಂದು ಕಾರಿಗೆ ಆರು ನಿಮಿಷದ ಕೂಲಿ ಕೊಟ್ಟು ಅರವತ್ತು ನಿಮಿಷದ ನಾಜೂಕನ್ನು ಬಯಸಿದ ನಮ್ಮ ತಪ್ಪು. ನನ್ನ ಕಾರಿನ ಸರದಿ ಹದಿನೇಳನೆಯದು ಎಂದು ತಿಳಿದ ದಿನ ಬಕೆಟ್ಟನ್ನು ಮತ್ತೆ ನಾನೇ ಹಿಡಿದೆ.

ಈ ಸಲ ಒಂದಲ್ಲ, ಎರಡು. ಒಂದರಲ್ಲಿ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಶಾಂಪೂ ಎಂದರೆ ಕಾರಿನದೇ. ಪಾತ್ರೆ ಸೋಪು, ಬಟ್ಟೆ ಪುಡಿಗಳು ಜಿಡ್ಡನ್ನು ತೆಗೆಯಲೆಂದೇ ಹುಟ್ಟಿದವು, ಅವಕ್ಕೆ ಬಣ್ಣದ ಮೇಲಿನ ಮೇಣವೂ ಜಿಡ್ಡೇ. ಮೊದಲು ಬರಿಯ ನೀರು ಸುರಿದು ಬಿಡಿ ಧೂಳನ್ನು ಇಳಿಸಬೇಕು. ಆಮೇಲೆ ಮೈಕ್ರೋಫೈಬರ್ ಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ, ಮಾಳಿಗೆಯಿಂದ ಕೆಳಮುಖವಾಗಿ, ನೇರ ಗೆರೆಯಲ್ಲಿ, ಗವಸಿನ ಭಾರವಷ್ಟೇ ಬೀಳುವಂತೆ ಸವರಬೇಕು. ಒಂದು ಬಾಗಿಲು ಮುಗಿದೊಡನೆ ಗವಸನ್ನು ಬರಿನೀರಿನಲ್ಲಿ ಜಾಲಿಸಿ, ಕೊಳೆಯನ್ನು ಅಲ್ಲಿಯೇ ಬಿಟ್ಟು, ಮತ್ತೆ ಶಾಂಪೂ ನೀರಿಗೆ ಬರಬೇಕು. ಚಕ್ರಕ್ಕೆ ಬಳಸಿದ ಬಟ್ಟೆ ಮೈಗೆ ತಾಗಕೂಡದು, ಮೈಯ ಬಟ್ಟೆ ಗಾಜಿಗೆ ಹೋಗಕೂಡದು, ನೆಲಕ್ಕೆ ಬಿದ್ದದ್ದನ್ನು ತೊಳೆಯದೆ ಮತ್ತೆ ಎತ್ತಿಕೊಳ್ಳಕೂಡದು. ಅಜ್ಜಿಯ ಅಡುಗೆಮನೆಯ ಮಡಿ, ಮೈಲಿಗೆ, ಮುಸುರೆಗಳನ್ನು ಕಾಲೇಜಿನ ದಿನಗಳಲ್ಲಿ ವಾದ ಮಾಡಿ ಅಳಿಸಿದವನು ನಾನು. ಈಗ ಹೆಂಡತಿ ಹಾದುಹೋಗುವಾಗ ಅಪ್ಪಿತಪ್ಪಿ ಚಕ್ರದ ಬಟ್ಟೆಯನ್ನು ಮುಟ್ಟಿ ಅದೇ ಕೈಯಲ್ಲಿ ಗವಸನ್ನು ಎತ್ತಿಕೊಟ್ಟರೆ, ಅಯ್ಯೋ ಎಂದು ಕೂಗಿ ನೀರನ್ನೇ ಚೆಲ್ಲುತ್ತೇನೆ. ಅಜ್ಜಿ ಇದ್ದಿದ್ದರೆ ಏನೂ ಅನ್ನುತ್ತಿರಲಿಲ್ಲ. ನೋಡಿ ಸುಮ್ಮನೆ ಒಳಗೆ ಹೋಗುತ್ತಿದ್ದಳು, ಅದೇ ಹೆಚ್ಚು ನೋಯಿಸುತ್ತಿತ್ತು.

ಹೀಗೆ ಚೆಲ್ಲುವ ದರ್ಬಾರಿಗೆ 2024ರ ಬೇಸಿಗೆ ಕಡಿವಾಣ ಹಾಕಿತು. ಆ ಮಾರ್ಚಿನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತು ಮಾಡಿತ್ತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಏರಿಸಿ ತರುವ ಕಾವೇರಿಯನ್ನು ಕಾರಿನ ತಲೆಯ ಮೇಲೆ ಸುರಿಯುವುದು ದಂಡವಿಲ್ಲದಿದ್ದರೂ ನಾಚಿಕೆಯ ಕೆಲಸವೇ ಎಂದು, ನಮ್ಮ ಬೋರ್‌ವೆಲ್ ಬತ್ತಿದ ಮೇಲೆ, ನನಗೂ ಅನ್ನಿಸಿತು. ಅದಕ್ಕೂ ಮೊದಲು ಬೋರ್‌ವೆಲ್ ನೀರಿನದು ಬೇರೆಯೇ ಕಾಟ: ಅದರ ಗಡಸುತನ ಎಂಥದ್ದೆಂದರೆ, ಬಿಸಿಲಿನಲ್ಲಿ ಒಣಗಲು ಬಿಟ್ಟ ಪ್ರತಿ ಹನಿಯೂ ಸುಣ್ಣದ ಒಂದು ಬಿಳಿ ಬಳೆಯನ್ನು ಬಿಟ್ಟೇ ಹೋಗುತ್ತಿತ್ತು, ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ ಕೂಡಲೇ ತೊಳೆದರೆ ಮಾತ್ರ ಅದು ಬಿಡುತ್ತಿತ್ತು. ಆ ಬೇಸಿಗೆಯಲ್ಲಿ ನಾನು ಕಲಿತದ್ದು ತೊಳೆದ ಮೇಲೆ ಮತ್ತೆ ನೀರು ಹಾಕಬೇಕಿಲ್ಲದ ಒಂದು ದ್ರಾವಣದ ಬಳಕೆ. ಅಕ್ಕಿ ತೊಳೆದ ನೀರನ್ನು ಸೋಸಿಟ್ಟು ಗಿಡಗಳಿಗೆ ಹಾಕುತ್ತಿದ್ದ ದಿನಗಳವು. ಅದೇ ಮನೆಯಲ್ಲಿ ಅರ್ಧ ಬಕೆಟ್ಟು ನೀರಿಗೆ ಒಂದೆರಡು ಮುಚ್ಚಳ ದ್ರಾವಣ ಬೆರೆಸಿ, ಏಳೆಂಟು ಬಟ್ಟೆಗಳನ್ನು ನೆನೆಸಿ, ಒಂದೊಂದು ಬಾಗಿಲಿಗೆ ಹೊಸ ಬಟ್ಟೆ ತೆಗೆದು ಸವರಿ, ಹಿಂದೆಯೇ ಒಣ ಬಟ್ಟೆಯಿಂದ ಒತ್ತಿ ತೆಗೆದರೆ ಕಾರು ಶುಚಿ. ಕೆಸರು ಮೆತ್ತಿದ್ದರೆ ಈ ವಿದ್ಯೆ ನಡೆಯುವುದಿಲ್ಲ; ಆಗ ಮಳೆಗಾಲವೇ ಗತಿ.

ಮನೆ ಮುಂದೆ ಒಂದು ಹೊಂಗೆಮರವಿದೆ. ಅದರ ನೆರಳಿಗೆ ಆಸೆಪಟ್ಟೇ ಈ ಮನೆಯನ್ನು ಹಿಡಿದದ್ದು. ವಸಂತದಲ್ಲಿ ಅದು ಮೊದಲು ಹೂವನ್ನು, ಆಮೇಲೆ ಅಂಟುವ ಒಂದು ಬಗೆಯ ಸಿಹಿ ತುಂತುರನ್ನು, ವರ್ಷವಿಡೀ ತನ್ನ ಮೇಲೆ ಕೂರುವ ಹಕ್ಕಿಗಳ ಅಭಿಪ್ರಾಯಗಳನ್ನು ಕಾರಿನ ಮೇಲೆ ಉದುರಿಸುತ್ತದೆ. ಪಕ್ಕದ ನೇರಳೆಯ ಕಾಲದಲ್ಲಿ ಆ ಅಭಿಪ್ರಾಯಗಳಿಗೆ ಬಣ್ಣವೂ ಸೇರುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುವುದರಿಂದ, ಬಿಸಿಲಿಗೆ ಕಾದ ಲೋಹದ ಮೇಲೆ ಅದು ಒಂದೆರಡು ದಿನ ಕೂತರೆ ಕ್ಲಿಯರ್ ಕೋಟಿನಲ್ಲಿ ಮಚ್ಚೆಯನ್ನೇ ಕೊರೆಯಬಲ್ಲದು. ಇಲ್ಲಿಯೂ ತಿಕ್ಕುವ ಕೈ ತಾನಾಗಿ ಮುಂದೆ ಹೋಗುತ್ತದೆ, ಹೋಗಬಾರದು. ಒದ್ದೆ ಬಟ್ಟೆಯನ್ನು ಅದರ ಮೇಲೆ ಹೊದಿಸಿ ಹತ್ತು ನಿಮಿಷ ಕಾದರೆ ಅದು ತಾನೇ ಬಿಟ್ಟುಕೊಳ್ಳುತ್ತದೆ. ಇಡ್ಲಿ ಹಿಟ್ಟು ಒಣಗಿದ ಪಾತ್ರೆಯನ್ನು ಅಮ್ಮ ನೆನೆಹಾಕಿಯೇ ತೊಳೆಯುತ್ತಿದ್ದಳಲ್ಲ, ನಮ್ಮಲ್ಲಿ ತಿಕ್ಕುವುದರ ಜೊತೆಗೆ ಕಾಯುವುದೂ ಇತ್ತಲ್ಲ ಎಂದು ಹೊಳೆದದ್ದು ಹೀಗೆ ಬಾನೆಟ್ಟಿನ ಪಕ್ಕ ನಿಂತು ಹಿಕ್ಕೆ ನೆನೆಯುವುದನ್ನು ಕಾಯುತ್ತಿದ್ದಾಗ.

ತೊಳೆದ ಮೇಲೆ ಮೇಣ. ಒಳ್ಳೆಯ ಮೇಣ ಎಂದು ಹೆಸರಾದ ಕಾರ್ನೌಬಾ ಬರುವುದು ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ತಾಳೆಯ ಎಲೆಗಳಿಂದ. ಒಣನಾಡಿನ ಆ ಮರ ತನ್ನ ತೇವ ಆರದಿರಲೆಂದು ಎಲೆಗೆ ಹಚ್ಚಿಕೊಂಡ ಲೇಪವನ್ನು ಮನುಷ್ಯ ಕೆರೆದು ತಂದು ಕಾರಿಗೆ, ಮಾತ್ರೆಗೆ, ಮಿಠಾಯಿಗೆ ಬಳಿಯುತ್ತಾನೆ. ಮೇಣ ಹಚ್ಚಿದ ಕಾರಿನ ಮೇಲೆ ಮೊದಲ ಮಳೆ ಬಿದ್ದಾಗ ನೀರು ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ಉರುಳುತ್ತದೆ. ಅದನ್ನು ಕಿಟಕಿಯಿಂದ ನೋಡುತ್ತ ಕಾಫಿ ಕುಡಿಯುವುದು ಈ ಇಡೀ ಕೆಲಸದ ಸಂಬಳ ಎಂದೇ ನಾನು ಭಾವಿಸಿದ್ದೇನೆ. ಸೆರಾಮಿಕ್ ಲೇಪನ ಮಾಡಿಸಿಬಿಟ್ಟರೆ ಮತ್ತೆ ತೊಳೆಯುವ ತಾಪತ್ರಯವೇ ಇಲ್ಲ ಎನ್ನುವವರು ಇದ್ದಾರೆ. ಧೂಳಿಗೆ ಅಂಥ ಭೇದಭಾವವಿಲ್ಲ, ಅದು ಲೇಪನದ ಮೇಲೂ ಅಷ್ಟೇ ಧಾರಾಳವಾಗಿ ಕೂರುತ್ತದೆ, ಏಳುವುದು ಮಾತ್ರ ಸ್ವಲ್ಪ ಬೇಗ.

ನನ್ನ ಮೊದಲ ಭಾನುವಾರದ ಗೀರುಗಳು ಏನಾದವು ಎಂದು ಕೇಳಬಹುದು. ಅವನ್ನು ಪಾಲಿಶ್ ಮಾಡಿ ತೆಗೆಯಬಹುದು ಎಂದು ಎಲ್ಲರೂ ಹೇಳಿದರು, ತೆಗೆಯುವುದೆಂದರೆ ಏನೆಂದು ಯಾರೂ ಹೇಳಲಿಲ್ಲ. ಪಾಲಿಶ್ ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲಿನ ಚೆನ್ನಾಗಿರುವ ಭಾಗವನ್ನೇ ಗೀರಿನ ಆಳಕ್ಕೆ ತಗ್ಗಿಸಿ ಸಮ ಮಾಡುತ್ತದೆ. ಇರುವ ನಲವತ್ತು ಮೈಕ್ರಾನಿನಲ್ಲಿ ಇಂಥ ಸಮಪಾಲನ್ನು ಕಾರು ತನ್ನ ಆಯುಷ್ಯದಲ್ಲಿ ಕೆಲವೇ ಬಾರಿ ತಾಳಬಲ್ಲದು. ಒಮ್ಮೆ ಮಾಡಿಸಿದೆ. ಎಡಬಾಗಿಲಿನ ಎರಡು ಆಳದ ಗೀರುಗಳನ್ನು ಮಾತ್ರ ಬೇಡವೆಂದು ಉಳಿಸಿಕೊಂಡೆ. ಅವಕ್ಕೂ ನನಗೂ ಒಂದು ಒಪ್ಪಂದವಾಗಿದೆ.

ತಿಕ್ಕಲೇಬೇಕು ಎಂದು ಕೈ ತುರಿಸಿದರೆ ಅದಕ್ಕೂ ಕಾರಿನಲ್ಲಿ ಎರಡು ಜಾಗಗಳಿವೆ, ಎರಡಕ್ಕೂ ಸಾಮಗ್ರಿ ಸಿಗುವುದು ಬಚ್ಚಲುಮನೆಯ ಗೂಡಿನಲ್ಲಿ. ಬಿಸಿಲಿಗೆ ಹಳದಿಯಾದ ಹೆಡ್‌ಲೈಟಿನ ಪ್ಲಾಸ್ಟಿಕ್ಕನ್ನು ಟೂತ್‌ಪೇಸ್ಟಿನಿಂದ ತಿಕ್ಕಿದರೆ ತಿಳಿಯಾಗುತ್ತದೆ, ಬಿಸಿಲನ್ನು ತಡೆಯುವ ಲೇಪ ಹೋಗಿರುವುದರಿಂದ ಕೆಲವು ವಾರಗಳಲ್ಲಿ ಮತ್ತೆ ಮಂಕಾಗುತ್ತದೆ. ಬ್ಯಾಟರಿಯ ತುದಿಗಳಲ್ಲಿ ಬೆಳೆಯುವ ಬಿಳಿ, ಹಸಿರು ಹಿಟ್ಟನ್ನು, ಮೊದಲು ಋಣ ತುದಿಯ ತಂತಿಯನ್ನು ಬಿಚ್ಚಿಕೊಂಡು, ಅಡುಗೆ ಸೋಡಾ ಬೆರೆಸಿದ ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯಬಹುದು. ಹೀಗೆ ಬಾನೆಟ್ಟು ತೆರೆದಿದ್ದ ಒಂದು ದಿನ, ಇಂಜಿನ್ನಿನ ಪಕ್ಕದ ಸಂದಿಯಲ್ಲಿ ಅರ್ಧ ಕೊಬ್ಬರಿ ಬಟ್ಟಲು, ಚಪಾತಿಯ ಚೂರು, ಒಂದು ಮಗುವಿನ ಕಾಲುಚೀಲ ಸಿಕ್ಕವು. ಗಣಪನ ವಾಹನ ನನ್ನ ವಾಹನದಲ್ಲಿ ಸಂಸಾರ ಹೂಡಿತ್ತು. ತಂತಿಗಳನ್ನು ಅದು ಇನ್ನೂ ರುಚಿ ನೋಡಿರಲಿಲ್ಲ. ಯಾರೋ ಹೇಳಿದರೆಂದು ಹೊಗೆಸೊಪ್ಪಿನ ಎಲೆಗಳನ್ನು ಕಟ್ಟಿದೆ. ಇಲಿ ಹೋಯಿತೋ ಇಲ್ಲವೋ, ಏಸಿ ಹಾಕಿದಾಗಲೆಲ್ಲ ಕಾರಿನೊಳಗೆ ನಮ್ಮ ಊರಿನ ಜಗಲಿಕಟ್ಟೆಯ ವಾಸನೆ ಹಲವು ದಿನ ಬಂತು.

ಡಿಕ್ಕಿಯನ್ನು ಗುಡಿಸುವಾಗ ಸ್ಟೆಪ್ನಿಯನ್ನು ಎತ್ತಿ ನೋಡುವ ಅಭ್ಯಾಸವೂ ಹೀಗೇ ಬಂದದ್ದು. ವೇಲ್ಸ್ ದೇಶದ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 20ನೆಯ ಶತಮಾನದ ಆರಂಭದಲ್ಲಿ ಹೆಚ್ಚುವರಿ ಚಕ್ರ ತಯಾರಿಸಿದ ಕಂಪನಿಯ ಹೆಸರು, ಇಂಗ್ಲೆಂಡಿನವರು ಮರೆತ ಮೇಲೂ ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ದಿನವೂ ಕೇಳುತ್ತದೆ. ಟೈರಿನ ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನನ್ನ ಸ್ಟೆಪ್ನಿಯ ಮೇಲೆ 2311 ಎಂದಿತ್ತು: 2011ರ 23ನೆಯ ವಾರದಲ್ಲಿ ಹುಟ್ಟಿ, ಒಮ್ಮೆಯೂ ರಸ್ತೆ ಕಾಣದೆ, ಗಾಳಿಯೂ ಇಲ್ಲದೆ ಕತ್ತಲಲ್ಲೇ ಮುದಿಯಾಗಿದ್ದ ಚಕ್ರ.

ಮೊನ್ನೆ ಆಯುಧಪೂಜೆಯ ಹಿಂದಿನ ದಿನ ಇವೆಲ್ಲವನ್ನೂ ಒಟ್ಟಿಗೆ ಮಾಡುವುದೆಂದು ಬೆಳಿಗ್ಗೆ ಆರಕ್ಕೇ ಕಾರನ್ನು ನೆರಳಿಗೆ ತಂದು ನಿಲ್ಲಿಸಿದೆ. ಪೂಜೆಯೂ ನನ್ನ ಪಾಲಿಗೆ ಆತಂಕದ ಹಬ್ಬವೇ. ಬಾನೆಟ್ಟಿಗೆ ಅರಿಶಿನ ಕುಂಕುಮ, ಬಾಳೆಕಂದನ್ನು ನಿಲ್ಲಿಸಲು ಟೇಪು, ಗಾಜಿಗೆ ವಿಭೂತಿ, ಚಕ್ರದಡಿಗೆ ನಿಂಬೆಹಣ್ಣು, ಕೊನೆಗೆ ಬೂದುಗುಂಬಳಕಾಯಿಯ ಕೆಂಪು ನೀರು, ಎಲ್ಲವೂ ಬಣ್ಣದ ಮೇಲೆಯೇ. ಕುಂಕುಮವನ್ನು ನಂಬರ್ ಪ್ಲೇಟಿಗಷ್ಟೇ ಹಚ್ಚಬೇಕೆಂದು ಅಮ್ಮನನ್ನು ಒಪ್ಪಿಸಲು ಎರಡು ವರ್ಷ ಹಿಡಿದಿದೆ. ಅವಳು ಊರಿನಿಂದ ಹಿಂದಿನ ದಿನವೇ ಬಂದಿದ್ದಳು. ಜಗಲಿಯ ಮೇಲೆ ಕೂತು ಚೆಂಡುಹೂವು ಕಟ್ಟುತ್ತ ನನ್ನನ್ನೇ ನೋಡುತ್ತಿದ್ದಳು. ನಾನು ನೀರು ಇಳಿಸಿದೆ, ಗವಸು ಜಾಲಿಸಿದೆ, ಸವರಿದೆ, ಒಣ ಬಟ್ಟೆಯನ್ನು ಮೈಮೇಲೆ ಹಾಸಿ ಎತ್ತಿದೆ, ಬೆರಳ ತುದಿಯಿಂದ ಮೇಣ ಹಚ್ಚಿದೆ, ಅದು ಆರುವ ತನಕ ಸುಮ್ಮನೆ ನಿಂತೆ, ಹಗುರವಾಗಿ ಒರೆಸಿದೆ. ಮೂರು ಗಂಟೆಯ ಮೇಲಾಗಿತ್ತು. ಹೊಂಗೆಯ ಎಲೆಗಳು ಬಾನೆಟ್ಟಿನಲ್ಲಿ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಬಕೆಟ್ಟುಗಳನ್ನು ಎತ್ತಿಕೊಂಡು ಒಳಗೆ ಹೊರಟಾಗ ಅಮ್ಮ ಕಟ್ಟುತ್ತಿದ್ದ ಹೂಮಾಲೆಯನ್ನು ಮಡಿಲಿಗೆ ಇಳಿಸಿ, "ಅಲ್ಲ ಕಣೋ, ಬೆಳಿಗ್ಗೆಯಿಂದ ಅದರ ಬೆನ್ನು ಸವರ್ತಾ ಇದೀಯಲ್ಲ, ತೊಳೆಯೋದು ಯಾವಾಗ?" ಎಂದಳು.