ಹುಲ್ಲಿನ ಟೊಪ್ಪಿಗೆ ಬೆಚ್ಚಿದ ಸರ್ಕಾರಗಳು

2025ರ ಆಗಸ್ಟ್‌ನಲ್ಲಿ ಇಂಡೊನೇಷ್ಯಾ ತನ್ನ ಸ್ವಾತಂತ್ರ್ಯದ 80ನೇ ವರ್ಷಾಚರಣೆಗೆ ಸಜ್ಜಾಗುತ್ತಿದ್ದಾಗ, ಆ ದೇಶದ ಅಖಂಡತೆಗೆ ಒದಗಿದ ಘೋರ ಗಂಡಾಂತರವೊಂದು ಲಾರಿಗಳ ಹಿಂಬದಿಯಲ್ಲಿ ಪಟಪಟನೆ ಹಾರಾಡುತ್ತಿತ್ತು. ಕಪ್ಪು ಬಟ್ಟೆ, ಅದರ ಮೇಲೆ ಹಲ್ಲು ಕಿರಿಯುವ ತಲೆಬುರುಡೆ, ಹಿಂದೆ ಎರಡು ಅಡ್ಡ ಮೂಳೆ, ಬುರುಡೆಯ ಮೇಲೆ ಕೆಂಪು ಪಟ್ಟಿಯ ಹುಲ್ಲಿನ ಟೊಪ್ಪಿ. ಇದು ಜಪಾನಿನ ‘ಒನ್ ಪೀಸ್’ ಎಂಬ ಅನಿಮೆ, ಅಂದರೆ ಕಾರ್ಟೂನ್ ಸರಣಿಯಲ್ಲಿ ಲೂಫಿ ಎಂಬ ಹುಡುಗನ ನೇತೃತ್ವದ ಕಡಲ್ಗಳ್ಳರ ಬಾವುಟ. ಹಬ್ಬಕ್ಕೆ ರಾಷ್ಟ್ರಧ್ವಜ ಹಾರಿಸಿರೆಂದು ಅಧ್ಯಕ್ಷ ಪ್ರಬೊವೊ ಸುಬಿಯಾಂತೊ ಕರೆಕೊಟ್ಟಿದ್ದರು; ಸರ್ಕಾರದ ಮೇಲೆ ಮುನಿದಿದ್ದ ಲಾರಿ ಚಾಲಕರು ಈ ಬುರುಡೆಯನ್ನೂ ಕಟ್ಟಿದರು, ಅವರನ್ನು ನೋಡಿ ಊರಿನವರು ಮನೆ ಮುಂದೆ ಕಟ್ಟಿದರು.

ಪ್ರಜೆಗಳ ಅಳಲಿಗೆ ಕಿವಿಗೊಡಲು ವರ್ಷಗಟ್ಟಲೆ ಬಿಡುವಿಲ್ಲದ ಆಡಳಿತವು ಈ ಬಟ್ಟೆಯ ತುಂಡಿನ ವಿಷಯದಲ್ಲಿ ತೋರಿದ ಚುರುಕುತನವನ್ನು ಮೆಚ್ಚಲೇಬೇಕು. ದೇಶದ ಒಗ್ಗಟ್ಟನ್ನು ಒಡೆಯುವ ಪ್ರಯತ್ನ ನಡೆದಿರುವುದಾಗಿ ಭದ್ರತಾ ಸಂಸ್ಥೆಗಳಿಂದ ಮಾಹಿತಿ ಬಂದಿದೆಯೆಂದು ಸಂಸತ್ತಿನ ಉಪಸಭಾಧ್ಯಕ್ಷ ಸುಫ್ಮಿ ದಾಸ್ಕೊ ಅಹ್ಮದ್ ಗಂಭೀರವಾಗಿ ಎಚ್ಚರಿಸಿದರು. ಇಂಥ ಮಾಹಿತಿ ಕಲೆಹಾಕಲು ಗುಪ್ತಚರ ಅಧಿಕಾರಿಯೊಬ್ಬರು ಸರ್ಕಾರಿ ಖರ್ಚಿನಲ್ಲಿ ಈ ಅನಿಮೆಯ ಸಾವಿರದ ನೂರಕ್ಕೂ ಹೆಚ್ಚು ಕಂತುಗಳನ್ನು ನೋಡಬೇಕಾಗಿ ಬಂದಿದ್ದರೆ, ಅವರ ತ್ಯಾಗಕ್ಕೆ ಪದಕ ಕೊಡಬೇಕಾದದ್ದು ನ್ಯಾಯ. ಸಮನ್ವಯ ಸಚಿವರು 2009ರ 24ನೇ ಸಂಖ್ಯೆಯ ಕಾನೂನನ್ನು ತೆಗೆದು, ರಾಷ್ಟ್ರಧ್ವಜವನ್ನು ಬೇರಾವುದೇ ಲಾಂಛನಕ್ಕಿಂತ ಕೆಳಗೆ ಹಾರಿಸುವಂತಿಲ್ಲವೆಂದು ನೆನಪಿಸಿದರು. ಆಡಳಿತ ಪಕ್ಷಗಳ ಕಡೆಯಿಂದ ರಾಜದ್ರೋಹದ ಮಾತೂ ಕೇಳಿಬಂತು. ಇವೆಲ್ಲಕ್ಕೂ ಕಳಶವಿಟ್ಟಂತೆ, ರಾಷ್ಟ್ರಧ್ವಜದ ಸರಿಸಮಕ್ಕೆ ಈ ಬಾವುಟ ಹಾರಿಸುವುದನ್ನು ನಿಷೇಧಿಸುವ ಹಕ್ಕು ಸರ್ಕಾರಕ್ಕಿದೆಯೆಂದು ಸಾರಿದವರು ನಟಾಲಿಯಸ್ ಪಿಗಾಯ್. ಅವರ ಖಾತೆ, ದಯವಿಟ್ಟು ಗಮನಿಸಿ, ಮಾನವ ಹಕ್ಕುಗಳದ್ದು. ಸರ್ಕಾರಕ್ಕೂ ಹಕ್ಕುಗಳಿವೆ ಎಂಬುದನ್ನು ಮರೆಯುವ ನಮ್ಮಂಥವರಿಗೆ ಇದೊಂದು ಪಾಠ.

ಇಷ್ಟೆಲ್ಲ ನಡೆಯುವಾಗ ಜನರಿಗೆ ಒಂದು ಹಳೆಯ ಚಿತ್ರ ಸಿಕ್ಕಿಬಿಟ್ಟಿತು. ಉಪಾಧ್ಯಕ್ಷ ಗಿಬ್ರಾನ್ ರಾಕಬುಮಿಂಗ್ ರಾಕಾ ಅವರು 2024ರ ಚುನಾವಣಾ ಪ್ರಚಾರದ ಕಾಲದಲ್ಲಿ, ಯುವಜನರ ಮನಗೆಲ್ಲಲೆಂದು, ಇದೇ ಬುರುಡೆಯ ಪಿನ್ನನ್ನು ಎದೆಯ ಮೇಲೆ ಧರಿಸಿದ್ದರು. ಮತ ಕೇಳುವಾಗ ಎದೆಗೇರಿದ ಲಾಂಛನವು ಮತ ಹಾಕಿದವನ ಮನೆಯ ಗೇಟಿಗೆ ಬಂದಾಗ ದೇಶ ಒಡೆಯುವ ಆಯುಧವಾಗುವುದು ಹೇಗೆಂಬುದನ್ನು ಯಾವ ಸಚಿವರೂ ವಿವರಿಸಲಿಲ್ಲ. ಕೊನೆಗೆ, ಇದೊಂದು ಅಭಿವ್ಯಕ್ತಿಯಷ್ಟೆ, ಅಧ್ಯಕ್ಷರಿಗೆ ತಕರಾರಿಲ್ಲ ಎಂದು ಅಧ್ಯಕ್ಷರ ಕಡೆಯವರೇ ಹೇಳಿ ಮುಜುಗರಕ್ಕೆ ತೆರೆ ಎಳೆಯಬೇಕಾಯಿತು. ಅಷ್ಟರಲ್ಲಿ ಹಲವೆಡೆ ಬಾವುಟಗಳನ್ನು ಇಳಿಸಿ, ಗೋಡೆಚಿತ್ರಗಳನ್ನು ಅಳಿಸಿ ಆಗಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಜಾವಾ ದ್ವೀಪದವರು ಕೇಳಿರಲಾರರು. ಆದರೆ ಆ ಬಾವುಟದ ಮೇಲೆ ಯಾವ ಸಚಿವರ ಹೆಸರೂ ಇರಲಿಲ್ಲ, ಯಾವ ಪಕ್ಷದ ಚಿಹ್ನೆಯೂ ಇರಲಿಲ್ಲ. ಎಯಿಚಿರೊ ಓಡಾ 1997ರಲ್ಲಿ ಮಾಂಗಾ, ಅಂದರೆ ಜಪಾನಿ ಚಿತ್ರಕತೆಯ ರೂಪದಲ್ಲಿ ಬರೆಯಲು ಆರಂಭಿಸಿದ ಈ ಕತೆಯಲ್ಲಿ ಇಂಡೊನೇಷ್ಯಾದ ಪ್ರಸ್ತಾಪವೂ ಇಲ್ಲ. ಇರುವುದು ಒಂದು ಕಾಲ್ಪನಿಕ ವಿಶ್ವ ಸರ್ಕಾರ. ಅದರ ಶಿಖರದಲ್ಲಿ ‘ತೆನ್ರ್ಯೂಬಿತೊ’ ಎಂಬ ಕುಲೀನರು. ಸಾಮಾನ್ಯರು ಉಸಿರಾಡಿದ ಗಾಳಿ ತಮ್ಮ ಮೂಗಿಗೆ ಸೋಕಬಾರದೆಂದು ಅವರು ತಲೆಗೊಂದು ಪಾರದರ್ಶಕ ಗುಳ್ಳೆ ಹಾಕಿಕೊಂಡು ತಿರುಗುತ್ತಾರೆ. ಅವರು ಬೀದಿಗಿಳಿದರೆ ಜನರೆಲ್ಲ ಮಂಡಿಯೂರಬೇಕು. ಅವರ ಮೈಮುಟ್ಟಿದರೆ ನೌಕಾಪಡೆಯ ಅಡ್ಮಿರಲ್ ಓಡೋಡಿ ಬರುತ್ತಾನೆ. ಬೆಂಗಾವಲು ವಾಹನಗಳಿಗೆ ದಾರಿಬಿಟ್ಟು ಸಿಗ್ನಲ್ಲಿನಲ್ಲಿ ನಿಂತು ಅಭ್ಯಾಸವಿರುವ ಯಾವ ದೇಶದ ಪ್ರಜೆಗೂ ಈ ಗುಳ್ಳೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಕತೆಯ ಖಳರ ವಿರುದ್ಧದ ಬಾವುಟವನ್ನು ಕಂಡೊಡನೆ ‘ಇದು ನಮ್ಮ ಮೇಲೆಯೇ’ ಎಂದು ಎದ್ದುನಿಂತವರು ತಮ್ಮ ಪಾತ್ರವನ್ನು ತಾವೇ ಆರಿಸಿಕೊಂಡರು.

ಇಷ್ಟಕ್ಕೂ ಗುಳ್ಳೆಯ ಕುಲೀನರು ತೀರ ದೊಡ್ಡವರು. ಭ್ರಷ್ಟಾಚಾರದ ಮಟ್ಟಿಗೆ ಈ ಅನಿಮೆಯ ನಿಜವಾದ ಸಾಧನೆ ಕೆಳಗಿನ ಹಂತದ ಒಬ್ಬ ಅಧಿಕಾರಿಯದ್ದು. ಆರ್ಲಾಂಗ್ ಎಂಬ ಕಡಲ್ಗಳ್ಳ ಒಂದು ದ್ವೀಪವನ್ನು ಹಿಡಿದುಕೊಂಡು, ದೊಡ್ಡವರ ತಲೆಗೆ ಒಂದು ಲಕ್ಷ, ಮಕ್ಕಳ ತಲೆಗೆ 50 ಸಾವಿರ ಬೆರಿಯಂತೆ (ಬೆರಿ ಎಂದರೆ ಆ ಲೋಕದ ನಾಣ್ಯ) ಕಪ್ಪ ವಸೂಲು ಮಾಡುತ್ತಾನೆ. ಹತ್ತು ಕೋಟಿ ಬೆರಿ ತಂದುಕೊಟ್ಟರೆ ನಿನ್ನ ಹಳ್ಳಿಯನ್ನು ಬಿಟ್ಟುಕೊಡುತ್ತೇನೆಂದು ನಾಮಿ ಎಂಬ ಹುಡುಗಿಗೆ ಮಾತು ಕೊಟ್ಟಿದ್ದಾನೆ. ಅವಳು ವರ್ಷಾನುಗಟ್ಟಲೆ ಕಡಲ್ಗಳ್ಳರಿಂದಲೇ ಕದ್ದು, 9 ಕೋಟಿ 30 ಲಕ್ಷ ಕೂಡಿಸಿ, ಕಿತ್ತಳೆ ತೋಟದ ಮಣ್ಣಿನಲ್ಲಿ ಹೂತಿಟ್ಟಿದ್ದಾಳೆ. ಆಗ ಬರುತ್ತಾನೆ ನೌಕಾಪಡೆಯ ಕ್ಯಾಪ್ಟನ್ ನೆಜುಮಿ: ತಲೆಗೆ ಇಲಿಕಿವಿಯ ಟೊಪ್ಪಿ, ಮುಖದ ಮೇಲೆ ಇಲಿಮೀಸೆ, ಹಿಂದೆ ಗುದ್ದಲಿ ಹಿಡಿದ ಸಿಪಾಯಿಗಳು. ಅವನು ಹಳ್ಳಿಯನ್ನು ಬಿಡಿಸಲು ಬಂದವನಲ್ಲ, ಕಳ್ಳತನದ ಹಣವನ್ನು ಸರ್ಕಾರದ ಪರವಾಗಿ ಮುಟ್ಟುಗೋಲು ಹಾಕಿಕೊಳ್ಳಲು ಬಂದವನು. ಆರ್ಲಾಂಗನು ಮಾತಿಗೆ ತಪ್ಪಿಲ್ಲ, ಹಣ ಬಂದಿಲ್ಲವಷ್ಟೆ. ಅಧಿಕಾರಿಯೂ ಕಾನೂನಿಗೆ ತಪ್ಪಿಲ್ಲ, ಕದ್ದ ಮಾಲು ಸರ್ಕಾರಕ್ಕೆ ಸೇರಬೇಕಾದದ್ದೇ. ಇಬ್ಬರೂ ಹಿಂಬಾಗಿಲಲ್ಲಿ ಮಾತಾಡಿಕೊಂಡಿರುವುದು ಮಾತ್ರ ಯಾವ ಕಡತದಲ್ಲೂ ಇಲ್ಲ. ನಿಯಮದ ಪ್ರಕಾರವೇ ದರೋಡೆ ಮಾಡುವ ಈ ಕಲೆಯನ್ನು ಮಕ್ಕಳ ಕಾರ್ಟೂನಿನವರು ಇಷ್ಟು ಕರಾರುವಾಕ್ಕಾಗಿ ಎಲ್ಲಿ ಕಲಿತರೋ!

ಈ ವಿಶ್ವ ಸರ್ಕಾರವು ಆಯ್ದ ಏಳು ಮಂದಿ ಕಡಲ್ಗಳ್ಳರಿಗೆ ಪರವಾನಗಿ ಕೊಟ್ಟು ಸಾಕುವ ಪದ್ಧತಿಯನ್ನೂ ಇಟ್ಟುಕೊಂಡಿದೆ. ಅವರಲ್ಲೊಬ್ಬನಾದ ಕ್ರೊಕೊಡೈಲ್ ಎಂಬುವನು ಮರುಭೂಮಿಯ ರಾಜ್ಯವೊಂದರ ಮಳೆಯನ್ನೇ ಗುಟ್ಟಾಗಿ ಕದ್ದು, ಬರದ ಹೊಣೆಯನ್ನು ರಾಜನ ತಲೆಗೆ ಕಟ್ಟಿ, ತಾನು ಜನರ ಪಾಲಿನ ವೀರನಾಗಿ ಮೆರೆಯುತ್ತಾನೆ. ಅವನನ್ನು ಮಣ್ಣುಮುಕ್ಕಿಸಿದವನು ಲೂಫಿ. ಆದರೆ ಸರ್ಕಾರವು ಆ ಕೀರ್ತಿಯನ್ನು ತನ್ನದೇ ನೌಕಾಧಿಕಾರಿ ಸ್ಮೋಕರ್‌ಗೆ ಕಟ್ಟಿ ಬಡ್ತಿ ಕೊಡಲು ಮುಂದಾಗುತ್ತದೆ. ಸ್ಮೋಕರ್ ಅದಕ್ಕೆ ಸಿಡಿದೇಳುತ್ತಾನೆ. ತಾನು ಮಾಡದ ಕೆಲಸದ ಕೀರ್ತಿ ತನಗೆ ಬೇಡವೆನ್ನುವ ಸರ್ಕಾರಿ ನೌಕರ: ಇಡೀ ಕತೆಯಲ್ಲಿ ರಬ್ಬರಿನಂತೆ ಕೈ ಹಿಗ್ಗಿಸುವ ನಾಯಕನಿಗಿಂತ ನಂಬಲು ಕಷ್ಟವಾದ ಪಾತ್ರವೆಂದರೆ ಇದೇ.

ಬಾವುಟದ ಗಲಾಟೆ ಆರುವ ಮೊದಲೇ, ಇಂಡೊನೇಷ್ಯಾದ 580 ಸಂಸದರು ತಿಂಗಳಿಗೆ ಅಲ್ಲಿನ ನಾಣ್ಯದಲ್ಲಿ ಐದು ಕೋಟಿ ರುಪಿಯಾ ಮನೆಭತ್ಯೆ ಪಡೆಯುತ್ತಿರುವುದು ಬೀದಿಯ ಮಾತಾಯಿತು. ಅದು ಜಕಾರ್ತಾದ ಕನಿಷ್ಠ ವೇತನದ ಸುಮಾರು ಹತ್ತು ಪಟ್ಟು. ಆಗಸ್ಟ್ 25ರಿಂದ ಪ್ರತಿಭಟನೆ ಸ್ಫೋಟಿಸಿತು, ಜೀವಗಳು ಹೋದವು, ಅನಂತರ ಆ ಭತ್ಯೆಯೂ ಹೋಯಿತು. ದೇಶದ ಒಗ್ಗಟ್ಟನ್ನು ಒಡೆಯುವ ವಸ್ತುಗಳ ಪಟ್ಟಿಯಲ್ಲಿ ಬಾವುಟವನ್ನು ಸೇರಿಸಿದ್ದವರಿಗೆ ಈ ಭತ್ಯೆ ಹೊಳೆದಿರಲಿಲ್ಲ.

ಸೆಪ್ಟೆಂಬರಿನಲ್ಲಿ ಬುರುಡೆ ನೇಪಾಳಕ್ಕೆ ಹಾರಿತು. ಅಲ್ಲಿ ಸರ್ಕಾರ 26 ಸಾಮಾಜಿಕ ಜಾಲತಾಣಗಳಿಗೆ ಬೀಗ ಹಾಕಿತ್ತು. ನಾಯಕರ ಮಕ್ಕಳ ಐಷಾರಾಮದ ಚಿತ್ರಗಳು ಅವುಗಳಲ್ಲೇ ಹರಿದಾಡುತ್ತಿದ್ದದ್ದು ಕಾಕತಾಳೀಯವೆಂದೇ ಇಟ್ಟುಕೊಳ್ಳೋಣ. 8ರಂದು ಪೊಲೀಸರ ಗುಂಡಿಗೆ ಹತ್ತೊಂಬತ್ತು ಮಂದಿ ಬಲಿಯಾದರು. ಮರುದಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆಯಿತ್ತರು, ಸರ್ಕಾರದ ಆಡಳಿತ ಕೇಂದ್ರವಾದ ಸಿಂಹದರ್ಬಾರ್ ಹೊತ್ತಿ ಉರಿಯಿತು, ಅದರ ಗೇಟಿನ ಮೇಲೆ ಹುಲ್ಲಿನ ಟೊಪ್ಪಿಯ ಬುರುಡೆ ನೇತಾಡಿತು. ಇಲ್ಲಿ ನಗಲು ಏನೂ ಇಲ್ಲ.

ಅನಿಮೆಯಲ್ಲಿ ಒಂದು ಅನುಕೂಲವಿದೆ: ದುಷ್ಟ ಬಿದ್ದ ರಾತ್ರಿ ಭರ್ಜರಿ ಔತಣ, ಆಮೇಲೆ ಲೂಫಿ ಹಡಗು ಹತ್ತಿ ಹೊರಟುಬಿಡುತ್ತಾನೆ. ಖಜಾನೆಯ ಬೀಗದ ಕೈ ಯಾರ ಸೊಂಟ ಸೇರಿತೆಂಬುದು ಅವನ ಚಿಂತೆಯಲ್ಲ. ಮಡಗಾಸ್ಕರಿನ ಹುಡುಗರಿಗೆ ಆ ಸೌಲಭ್ಯವಿರಲಿಲ್ಲ. ನೀರಿಲ್ಲ, ಕರೆಂಟಿಲ್ಲವೆಂದು ಸೆಪ್ಟೆಂಬರ್ ಕೊನೆಯಲ್ಲಿ ಬೀದಿಗಿಳಿದ ಅವರು ಬುರುಡೆಗೆ ಹುಲ್ಲಿನ ಟೊಪ್ಪಿಯ ಬದಲು ತಮ್ಮ ನಾಡಿನ ಟೊಪ್ಪಿ ತೊಡಿಸಿದ್ದರು. ಅಕ್ಟೋಬರಿನಲ್ಲಿ ಅಧ್ಯಕ್ಷ ಆಂಡ್ರಿ ರಾಜೊಯೆಲಿನಾ ಪದಚ್ಯುತರಾದರು. ಅವರ ಜಾಗದಲ್ಲಿ ಪ್ರಮಾಣವಚನ ಸ್ವೀಕರಿಸಿದವರು ಕಾಪ್ಸಾಟ್ ಎಂಬ ಸೇನಾ ತುಕಡಿಯ ಕರ್ನಲ್. 2009ರಲ್ಲಿ ಇದೇ ರಾಜೊಯೆಲಿನಾ, ಇದೇ ರೀತಿಯ ಬೀದಿ ಹೋರಾಟದ ಬೆನ್ನೇರಿ ಗದ್ದುಗೆ ಹಿಡಿದಾಗ ಅವರ ಬೆಂಬಲಕ್ಕೆ ನಿಂತಿದ್ದದ್ದೂ ಅದೇ ಕಾಪ್ಸಾಟ್. ಪರವಾನಗಿ ಕೊಟ್ಟ ಕಚೇರಿಯೇ ಅದನ್ನು ರದ್ದುಪಡಿಸಿ, ಈ ಬಾರಿ ತನ್ನದೇ ಹೆಸರಿಗೆ ಬರೆದುಕೊಂಡಿತು.