ಜಟ್ಟಿಯೂ ಜೊತೆಗಾರನೂ

ನಮ್ಮ ಮನೆಯಲ್ಲಿ ನನ್ನ ಮೇಲೆ ಎರಡು ಆಪಾದನೆಗಳಿವೆ. ಅಮೆರಿಕದ ಅಧ್ಯಕ್ಷೀಯ ಚುನಾವಣೆ ಬಂದಾಗ ಅಧ್ಯಕ್ಷರು ಯಾರಾಗುತ್ತಾರೆ ಎಂಬುದಕ್ಕಿಂತ ಅವರ ಬಗಲಲ್ಲಿ ನಿಲ್ಲುವ ರನ್ನಿಂಗ್ ಮೇಟ್, ಅಂದರೆ ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿ, ಯಾರು ಎಂಬುದಕ್ಕೇ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುತ್ತೇನೆ ಎಂಬುದು ಮೊದಲನೆಯದು. ಸಂಜೆ ದೇವರಿಗೆ ದೀಪ ಹಚ್ಚಿ, ಹುಳಿಯನ್ನ ಉಂಡು ಎದ್ದವನು ಶನಿವಾರ ರಾತ್ರಿ ಹತ್ತಕ್ಕೆ ಸರಿಯಾಗಿ ಟೀವಿಯ ಮುಂದೆ ಕುಳಿತು, ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬ ಕಾಳಗದಲ್ಲಿ ಬಲೆಬೇಲಿಯೊಳಗೆ ಇಬ್ಬರು ಒಬ್ಬರ ಕತ್ತನ್ನೊಬ್ಬರು ಹಿಸುಕುವುದನ್ನು ಎವೆಯಿಕ್ಕದೆ ನೋಡುತ್ತೇನೆ ಎಂಬುದು ಎರಡನೆಯದು. ಎರಡೂ ನಿಜವೇ ಆದ್ದರಿಂದ ನಾನು ಯಾವತ್ತೂ ವಾದಕ್ಕೆ ನಿಂತಿಲ್ಲ.

ಮೈಸೂರಿನಿಂದ ಬಂದು ಒಹಾಯೊ ರಾಜ್ಯದ ಡೇಟನ್ನಿನ ಪಕ್ಕದಲ್ಲಿ ನೆಲೆಸಿ ಇಪ್ಪತ್ತಾರು ವರ್ಷವಾಯಿತು. ನಾನು ಕನ್ಸರ್ವೇಟಿವ್. ಈ ದೇಶಕ್ಕೆ ಬಂದು ಹಾಗಾದವನಲ್ಲ, ಬರುವಾಗಲೇ ಹಾಗಿದ್ದೆ. ಕಾಫಿಯನ್ನು ಲೋಟದಲ್ಲೇ ಕುಡಿಯಬೇಕು, ಹೊಸ ರಸ್ತೆ ಬಂದರೂ ಹಳೆಯ ರಸ್ತೆಯಲ್ಲೇ ಹೋಗಬೇಕು ಎನ್ನುವ ಜಾತಿಗೆ ಸೇರಿದವನಿಗೆ ಇಲ್ಲಿ ರಿಪಬ್ಲಿಕನ್ ಎಂಬ ಒಂದು ಪಕ್ಷ ಸಿಕ್ಕಿತು, ಅಷ್ಟೆ. ನನ್ನಾಕೆ ತಪ್ಪದೆ ಆ ಕಡೆಯ ಡೆಮಾಕ್ರಾಟಿಕ್ ಪಕ್ಷಕ್ಕೆ ಮತ ಹಾಕುತ್ತಾಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ನಾವು ನಾಲ್ಕು ವರ್ಷಕ್ಕೊಮ್ಮೆ ಒಂದೇ ಕಾರಿನಲ್ಲಿ ಮತಗಟ್ಟೆಗೆ ಹೋಗಿ ನಿಜ ಮಾಡಿ ಬರುತ್ತೇವೆ.

ರನ್ನಿಂಗ್ ಮೇಟ್ ಎಂಬ ಮಾತೇ ಕುದುರೆಯ ಲಾಯದಿಂದ ಬಂದದ್ದು. ಒಂದೇ ಲಾಯದ ಎರಡು ಕುದುರೆಗಳಲ್ಲಿ ಗೆಲ್ಲಬೇಕಾದ ಕುದುರೆಗೆ ಓಟದ ವೇಗ ಕಟ್ಟಿಕೊಡಲು ಜೊತೆಗೆ ಓಡುವ ಕುದುರೆ ಅದು. ನನಗೆ ಮಾತ್ರ ಕುದುರೆಗಿಂತ ಬಾಳೆಲೆಯ ತುದಿಯ ಉಪ್ಪಿನಕಾಯಿ ನೆನಪಾಗುತ್ತದೆ. ಉಪ್ಪಿನಕಾಯಿಗಾಗಿ ಯಾರೂ ಮದುವೆ ಊಟಕ್ಕೆ ಹೋಗುವುದಿಲ್ಲ; ಆದರೆ ಅದು ಬೂಸಲು ಹಿಡಿದಿದ್ದರೆ ಹೋಳಿಗೆಯನ್ನು ಮರೆತು ಹತ್ತು ವರ್ಷ ಅದನ್ನೇ ಆಡಿಕೊಳ್ಳುತ್ತಾರೆ. ಉಪಾಧ್ಯಕ್ಷ ಹುದ್ದೆಯಲ್ಲಿ ಮೊದಲು ಕುಳಿತ ಜಾನ್ ಆಡಮ್ಸ್ ಅವರೇ, ಮನುಷ್ಯನ ಬುದ್ಧಿ ಕಂಡುಹಿಡಿದ ಹುದ್ದೆಗಳಲ್ಲೆಲ್ಲ ಇದರಷ್ಟು ನಗಣ್ಯವಾದದ್ದು ಇನ್ನೊಂದಿಲ್ಲ ಎಂದು 1793ರಲ್ಲಿ ಹೆಂಡತಿಗೆ ಕಾಗದ ಬರೆದು ಗೋಳಾಡಿದ್ದರು.

ಆಗ ರನ್ನಿಂಗ್ ಮೇಟ್ ಎಂಬುದೇ ಇರಲಿಲ್ಲ. ಎರಡನೆಯ ಸ್ಥಾನಕ್ಕೆ ಬಂದವನೇ ಉಪಾಧ್ಯಕ್ಷ. ಸೋತವನನ್ನು ಗೆದ್ದವನ ಪಕ್ಕದ ಕುರ್ಚಿಯಲ್ಲೇ ಕೂರಿಸುವ ಈ ಏರ್ಪಾಡು 1796ರಲ್ಲಿ ಆಡಮ್ಸ್ ಮತ್ತು ಜೆಫರ್ಸನ್ ಎಂಬ ಎದುರಾಳಿಗಳನ್ನು ಒಂದೇ ನೊಗಕ್ಕೆ ಕಟ್ಟಿತು. 1800ರಲ್ಲಂತೂ ಜೆಫರ್ಸನ್ನರಿಗೂ ಆರನ್ ಬರ್‌ಗೂ ಮತದಾರಮಂಡಲದಲ್ಲಿ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳು ಕಳಿಸುವವರ ಕೂಟ ಅದು) ತಲಾ 73 ಮತಗಳು ಬಂದು, ಪ್ರತಿನಿಧಿಗಳ ಸಭೆ 36 ಸಲ ಮತ ಹಾಕಿದ ಮೇಲೆ ಗಂಟು ಬಿಚ್ಚಿತು. 1804ರಲ್ಲಿ ಸಂವಿಧಾನಕ್ಕೆ ಹನ್ನೆರಡನೆಯ ತಿದ್ದುಪಡಿ ಬಂದು ಎರಡೂ ಹುದ್ದೆಗಳಿಗೆ ಬೇರೆ ಬೇರೆ ಮತವಾಯಿತು. ಅದೇ ವರ್ಷ ಜುಲೈಯಲ್ಲಿ, ಇನ್ನೂ ಉಪಾಧ್ಯಕ್ಷರಾಗಿದ್ದ ಬರ್ ಅವರು ನ್ಯೂಜೆರ್ಸಿಯ ವೀಹಾಕನ್‌ನಲ್ಲಿ ಮಾಜಿ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ನರನ್ನು ದ್ವಂದ್ವಯುದ್ಧದಲ್ಲಿ ಗುಂಡಿಟ್ಟು ಕೊಂದರು. ಅಧಿಕಾರದಲ್ಲಿದ್ದಾಗಲೇ ಇನ್ನೊಬ್ಬನಿಗೆ ಗುಂಡು ತಗುಲಿಸಿದ ಮತ್ತೊಬ್ಬ ಉಪಾಧ್ಯಕ್ಷರೆಂದರೆ ಡಿಕ್ ಚೇನಿ, 2006ರಲ್ಲಿ. ಅದು ಹಕ್ಕಿ ಬೇಟೆಯಲ್ಲಿ ಆದ ಪ್ರಮಾದ, ಗುಂಡು ತಿಂದ ಗೆಳೆಯರು ಬದುಕಿಕೊಂಡರು. ಈ ಹುದ್ದೆಗೂ ಹೊಡೆದಾಟಕ್ಕೂ ನಂಟಿಲ್ಲ ಎನ್ನುವವರಿಗೆ ನಾನು ಈ ಎರಡು ಉದಾಹರಣೆಗಳನ್ನು ಕೊಟ್ಟು ಸುಮ್ಮನಾಗುತ್ತೇನೆ.

ಆದರೆ ನನ್ನ ಎರಡು ಚಟಗಳು ಒಂದೇ ಮನುಷ್ಯನಲ್ಲಿ ಕೂಡಿದ್ದು 2008ರಲ್ಲಿ. ಆಗಸ್ಟ್ 29, ಶುಕ್ರವಾರ. ನಮ್ಮ ಪಕ್ಷದ ಅಧ್ಯಕ್ಷ ಹುದ್ದೆಯ ಅಭ್ಯರ್ಥಿ ಜಾನ್ ಮೆಕೇನ್ ಅವರಿಗೆ ಅಂದೇ 72 ತುಂಬಿತ್ತು. ನಮ್ಮ ಡೇಟನ್ನಿಗೇ ಬಂದು ಅವರು ಅಲಾಸ್ಕಾದ ರಾಜ್ಯಪಾಲೆ ಸಾರಾ ಪೇಲಿನ್ ಅವರನ್ನು ತಮ್ಮ ರನ್ನಿಂಗ್ ಮೇಟ್ ಎಂದು ಸಾರಿದರು. ಆ ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿ ಊಟದ ಡಬ್ಬಿ ತೆರೆದವರೆಲ್ಲ ತೆರೆದಂತೆಯೇ ಬಿಟ್ಟು, ಯಾರೀಕೆ, ಯಾರೀಕೆ ಎಂದು ಗೋಡೆಯ ಟೀವಿಯ ಕೆಳಗೆ ಗುಂಪುಗೂಡಿದ್ದರು. ಮುಂದಿನ ವಾರ ಅವರು ಪಕ್ಷದ ಮಹಾಧಿವೇಶನದಲ್ಲಿ ಮಾಡಿದ ಭಾಷಣವನ್ನು ನಾನು ಎದ್ದು ನಿಂತು ಕೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ. ಮೊದಲ ಸುತ್ತಿನ ಮೊದಲ ಕ್ಷಣದಲ್ಲೇ ತಲೆಗೆ ಬಿದ್ದ ಒದೆಯಂತಿತ್ತು ಅದು. ಎರಡನೆಯ ಸುತ್ತಿಗೆ ದಮ್ಮು ಉಳಿದಿರಲಿಲ್ಲ; ಯಾವ ಪತ್ರಿಕೆ ಓದುತ್ತೀರಿ ಎಂಬ ಪ್ರಶ್ನೆಗೇ ಅವರು ತಡವರಿಸಿದರು. ಸೋಲಿಗೆ ಅವರೊಬ್ಬರೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕೇ ಕುಸಿದ ಮೇಲೆ ಯಾವ ಉಪ್ಪಿನಕಾಯಿಯೂ ಆ ಊಟವನ್ನು ಉಳಿಸುತ್ತಿರಲಿಲ್ಲ.

ನನ್ನ ತಕರಾರು ಬೇರೆ. ಇದೇ ಮೆಕೇನ್ ಅವರು 1996ರಲ್ಲಿ ಈ ಬಲೆಬೇಲಿಯ ಕಾಳಗವನ್ನು ಮನುಷ್ಯರ ಕೋಳಿ ಅಂಕ ಎಂದು ಜರೆದು, ಇದನ್ನು ನಿಷೇಧಿಸಬೇಕೆಂದು ಐವತ್ತೂ ರಾಜ್ಯಗಳ ರಾಜ್ಯಪಾಲರಿಗೆ ಕಾಗದ ಬರೆದವರು. ನೌಕಾ ಅಕಾಡೆಮಿಯಲ್ಲಿ ಸ್ವತಃ ಬಾಕ್ಸಿಂಗ್ ಆಡಿದ್ದ ಅವರಿಗೆ, ನೆಲಕ್ಕೆ ಬಿದ್ದವನಿಗೆ ಹತ್ತು ಎಣಿಸುವ ಬದಲು ಅವನ ಮೇಲೆಯೇ ಕುಳಿತು ಗುದ್ದುವುದು ಕಂಡರೆ ಮೈ ಉರಿದದ್ದು ಸಹಜ. ಅವರ ಮಾತಿಗೆ ಬೆಲೆಯಿತ್ತು. ಕೇಬಲ್ ಕಂಪನಿಗಳು ಒಂದೊಂದಾಗಿ ಪ್ರಸಾರ ನಿಲ್ಲಿಸಿದವು. 1997ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್‌ನಲ್ಲಿ ನಡೆಯಬೇಕಿದ್ದ ಯುಎಫ್‌ಸಿ 12 ಎಂಬ, ಈ ಕಾಳಗಗಳನ್ನು ನಡೆಸುವ ಯುಎಫ್‌ಸಿ ಕಂಪನಿಯ ಪಂದ್ಯಾವಳಿಗೆ ಕಡೆಯ ಗಳಿಗೆಯಲ್ಲಿ ಅಡ್ಡಿ ಬಂದು, ಜಟ್ಟಿಗಳು, ಕ್ಯಾಮೆರಾ, ಎಂಟು ಮೂಲೆಯ ಕಟಕಟೆ ಎಲ್ಲವನ್ನೂ ವಿಮಾನಕ್ಕೆ ತುಂಬಿ ಅಲಬಾಮಾದ ಡೋಥನ್ ಎಂಬ ಊರಿಗೆ ಸಾಗಿಸಬೇಕಾಯಿತು. ಊರಿನಿಂದ ಊರಿಗೆ ಡೇರೆ ಕಿತ್ತುಕೊಂಡು ಹೋಗುವ ನಾಟಕ ಕಂಪನಿಗಳನ್ನು ಬಲ್ಲವರಿಗೆ ಆ ರಾತ್ರಿ ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಕನ್ಸರ್ವೇಟಿವ್ ಆದ ನಾನು ಇಲ್ಲಿ ಕನ್ಸರ್ವೇಟಿವ್ ಆದ ಮೆಕೇನ್ ಅವರ ಜೊತೆಗೇ ಜಗಳಕ್ಕೆ ನಿಲ್ಲಬೇಕು. ಆದರೆ ನಿಂತರೆ ಸೋಲುವವನು ನಾನೇ. 1993ರ ನವೆಂಬರ್ 12ರಂದು ಡೆನ್ವರಿನಲ್ಲಿ ನಡೆದ ಮೊದಲ ಪಂದ್ಯಾವಳಿಯಲ್ಲಿ ತೂಕದ ವರ್ಗವಿರಲಿಲ್ಲ, ಅಂಕ ಕೊಡುವ ತೀರ್ಪುಗಾರರಿರಲಿಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು ಎಂಬುದಕ್ಕಿಂತ ಹೆಚ್ಚಿನ ಧರ್ಮಸೂತ್ರವೂ ಇರಲಿಲ್ಲ. ನಿಯಮಗಳು ಬಂದದ್ದು ಬೈಗುಳ ತಿಂದ ಮೇಲೆಯೇ. ನ್ಯೂಜೆರ್ಸಿ ರಾಜ್ಯ ರೂಪಿಸಿದ ಏಕರೂಪ ನಿಯಮಗಳ ಪ್ರಕಾರ ಯುಎಫ್‌ಸಿಯ ಮೊದಲ ಪಂದ್ಯಾವಳಿ ನಡೆದದ್ದು 2000ದ ನವೆಂಬರ್ 17ರಂದು, ಅಟ್ಲಾಂಟಿಕ್ ಸಿಟಿಯ ಟ್ರಂಪ್ ತಾಜ್ ಮಹಲ್ ಎಂಬ ಜೂಜುಮಂದಿರದಲ್ಲಿ. ಅದೇ ವಾರ ಫ್ಲಾರಿಡಾದಲ್ಲಿ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ತೀರದೆ, ಬುಷ್ ಮತ್ತು ಗೋರ್ ಅವರ ಮತಪತ್ರಗಳ ತೂತುಗಳನ್ನು ಅಧಿಕಾರಿಗಳು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆ ವಾರ ಯಾವ ಅಖಾಡದಲ್ಲಿ ನಿಯಮ ಸ್ಪಷ್ಟವಾಗಿತ್ತು ಎಂದು ಕೇಳಿದರೆ ನಾನು ಅಟ್ಲಾಂಟಿಕ್ ಸಿಟಿಯ ಕಡೆಗೇ ಬೆರಳು ತೋರಿಸುತ್ತೇನೆ. ಈ ಆಟ ಈಗ ಪ್ರಬುದ್ಧವಾಗಿದೆ ಎಂದು ಮೆಕೇನ್ ಅವರೇ ಆಮೇಲೆ ಒಪ್ಪಿದರು. 2001ರಲ್ಲಿ ಇಪ್ಪತ್ತು ಲಕ್ಷ ಡಾಲರಿಗೆ ಕೈ ಬದಲಾದ ಕಂಪನಿ 2016ರಲ್ಲಿ ಸುಮಾರು ನಾನೂರು ಕೋಟಿ ಡಾಲರಿಗೆ ಮಾರಾಟವಾಯಿತು.

ಮೈಸೂರಿನವನಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನಾನು ಅಪ್ಪನ ಹೆಗಲ ಮೇಲಿನಿಂದ ನೋಡಿದ್ದೇನೆ. ತಲೆ ಬೋಳಿಸಿಕೊಂಡ ಜಟ್ಟಿಗಳು, ಮುಷ್ಟಿಯಲ್ಲಿ ಮೊನೆಯುಳ್ಳ ಆಯುಧ, ಮಟ್ಟಿಯ ಕೆಂಪು. ಯಾರ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿತೋ ಅಲ್ಲಿಗೆ ಕಾಳಗ ಮುಗಿಯಿತು. ಇನ್ನೊಂದು ಪೆಟ್ಟಿಗೆ ಅವಕಾಶವಿಲ್ಲ. ಆ ಒಂದು ಹನಿಯ ನಿಯಮವಿರುವುದರಿಂದಲೇ ಅದು ಬೀದಿಜಗಳವಾಗದೆ ಹಬ್ಬವಾಗಿ ಉಳಿದಿದೆ. ಇಲ್ಲಿನ ಕಟಕಟೆಯಲ್ಲಿ ಆ ಹನಿಯ ಜಾಗದಲ್ಲಿ ಇರುವುದು ಟ್ಯಾಪ್. ಕತ್ತಿಗೋ ತೋಳಿಗೋ ಪಟ್ಟು ಬಿದ್ದವನು ಎದುರಾಳಿಯ ಮೈಯನ್ನು ಅಂಗೈಯಿಂದ ಎರಡು ಮೂರು ಸಲ ಮೆಲ್ಲಗೆ ತಟ್ಟಿದರೆ ಸಾಕು, ಎರಡು ಕ್ಷಣದ ಹಿಂದೆ ಅವನನ್ನು ಉಸಿರುಗಟ್ಟಿಸುತ್ತಿದ್ದವನು ಕೈ ಸಡಿಲಿಸಿ ಅವನ ಬೆನ್ನು ಸವರುತ್ತಾನೆ. ಕಾಳಗ ಕಂಡರಾಗದ ನನ್ನಾಕೆಗೂ ಇದೊಂದು ಹಿಡಿಸಿದೆ. ಅಡುಗೆಮನೆಯಿಂದ ಇಣುಕಿ, "ತಟ್ಟಿದನಾ? ಹಾಗಾದರೆ ಟೀವಿ ಆರಿಸಿ, ಮಲಗೋಣ" ಎನ್ನುತ್ತಾಳೆ.

ಡೆನ್ವರಿನ ಆ ಮೊದಲ ರಾತ್ರಿ ಆರ್ಟ್ ಜಿಮ್ಮರ್ಸನ್ ಎಂಬ ಬಾಕ್ಸರ್ ಒಂದೇ ಕೈಗೆ ಬಾಕ್ಸಿಂಗ್ ಗ್ಲೌಸ್ ತೊಟ್ಟು, ಇನ್ನೊಂದು ಕೈಯನ್ನು ಬರಿದಾಗಿ ಬಿಟ್ಟುಕೊಂಡು ಒಳಗೆ ಬಂದರು. ಅವರಿಗಿಂತ ಹಗುರಾದ ರಾಯ್ಸ್ ಗ್ರೇಸಿ ಜಿಮ್ಮರ್ಸನ್ನರನ್ನು ಕೆಡವಿ, ಮೇಲೇರಿ ಕುಳಿತದ್ದೇ ತಡ, ಜಿಮ್ಮರ್ಸನ್ ಟ್ಯಾಪ್ ಮಾಡಿದರು. ರನ್ನಿಂಗ್ ಮೇಟ್‌ನ ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಈ ಕಥೆ ಹೇಳುತ್ತೇನೆ. ಪ್ರತಿಯೊಬ್ಬ ಅಭ್ಯರ್ಥಿಗೂ ಒಂದು ಕೈ ಬರಿದಾಗಿರುತ್ತದೆ. 1960ರಲ್ಲಿ ಮ್ಯಾಸಚೂಸೆಟ್ಸ್‌ನ ಕೆನಡಿಗೆ ದಕ್ಷಿಣದ ನೆಲದಲ್ಲಿ ಕುಸ್ತಿ ಬರುತ್ತಿರಲಿಲ್ಲ, ಟೆಕ್ಸಸ್‌ನ ಜಾನ್ಸನ್ ಬಂದರು. 1980ರಲ್ಲಿ ರೇಗನ್ ಅವರು, ತಮ್ಮ ಅರ್ಥನೀತಿಯನ್ನು ಮಾಟಮಂತ್ರ ಎಂದು ಲೇವಡಿ ಮಾಡಿದ್ದ ಹಿರಿಯ ಬುಷ್ ಅವರನ್ನೇ ಪಕ್ಕಕ್ಕೆ ಕರೆದುಕೊಂಡರು; ನನ್ನ ಲೆಕ್ಕದಲ್ಲಿ ಅದಕ್ಕಿಂತ ಜಾಣ ಪಟ್ಟು ಇನ್ನೊಂದಿಲ್ಲ.

ಕಿರಿಯ ಬುಷ್ 2000ದಲ್ಲಿ ಚೇನಿಯವರನ್ನು ಆರಿಸಿದ್ದನ್ನು ಜನ ಮಬ್ಬು ಆಯ್ಕೆ ಎಂದರು. ರನ್ನಿಂಗ್ ಮೇಟ್ ಹುಡುಕಲು ನೇಮಿಸಿದ ಮನುಷ್ಯನೇ ಕಡೆಗೆ ರನ್ನಿಂಗ್ ಮೇಟ್ ಆಗಿದ್ದು, ಗಂಡು ನೋಡಲು ಹೋದ ಮಧ್ಯಸ್ತಗಾರನೇ ಹಸೆಮಣೆಯ ಮೇಲೆ ಕುಳಿತಂತಿತ್ತು, ನಿಜ. ಒಂದು ರಾಜ್ಯದ ಮತದಾರಮಂಡಲ ತನ್ನದೇ ರಾಜ್ಯದ ಇಬ್ಬರಿಗೆ ಎರಡೂ ಮತ ಹಾಕುವಂತಿಲ್ಲವಾದ್ದರಿಂದ, ಟೆಕ್ಸಸ್‌ನಲ್ಲಿ ಮನೆ ಮಾಡಿದ್ದ ಚೇನಿ ತಮ್ಮ ಮತದಾರ ನೋಂದಣಿಯನ್ನು ವಯೋಮಿಂಗ್‌ಗೆ ಬದಲಿಸಬೇಕಾಯಿತು. ಆ ರಾಜ್ಯಕ್ಕೋ ಮೂರೇ ಮತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನೆಲದ ಮೇಲಿನ ಪಟ್ಟುಗಳ ವಿದ್ಯೆಯಾದ ಬ್ರೆಜಿಲಿಯನ್ ಜುಜಿತ್ಸು ಕಲಿಸುವವರು ಮೊದಲು ಹೇಳುವ ಪಾಠ, ಪಟ್ಟು ಹಾಕುವ ಮುಂಚೆ ಜಾಗ ಹಿಡಿ ಎಂಬುದು. ಚೇನಿ ಜಾಗ, ಪೇಲಿನ್ ಹಾರುವ ಮೊಣಕಾಲು. ಹಾರುವ ಮೊಣಕಾಲು ಬಿದ್ದರೆ ಬಿತ್ತು, ತಪ್ಪಿದರೆ ನಾವೇ ಅಂಗಾತ.

ಬದಲಿ ಜಟ್ಟಿಯ ಅದೃಷ್ಟ ಮಾತ್ರ ಎರಡು ಅಖಾಡದಲ್ಲಿ ಒಂದೇ ಸಮ ಅಲ್ಲ. 2016ರ ಮಾರ್ಚಿನ ಯುಎಫ್‌ಸಿ ಪಂದ್ಯಕ್ಕೆ ಮೊದಲು ಗೊತ್ತಾಗಿದ್ದ ಎದುರಾಳಿ ಪಾದ ಮುರಿದುಕೊಂಡಾಗ ಹನ್ನೊಂದೇ ದಿನದ ಮುನ್ಸೂಚನೆಯಲ್ಲಿ ಬಂದ ನೇಟ್ ಡಿಯಾಜ್, ಕಾನರ್ ಮೆಗ್ರೆಗರ್ ಅವರ ಕತ್ತಿಗೆ ಹಿಂದಿನಿಂದ ತೋಳು ಬಿಗಿದು ಎರಡನೆಯ ಸುತ್ತಿನಲ್ಲೇ ಟ್ಯಾಪ್ ಮಾಡಿಸಿದರು. 1972ರಲ್ಲಿ ಡೆಮಾಕ್ರಾಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜಾರ್ಜ್ ಮೆಗವರ್ನ್ ಅವರ ರನ್ನಿಂಗ್ ಮೇಟ್ ಆದ ತಾಮಸ್ ಈಗಲ್ಟನ್, ಖಿನ್ನತೆಗೆ ವಿದ್ಯುತ್ ಚಿಕಿತ್ಸೆ ಪಡೆದಿದ್ದ ಸಂಗತಿ ಹೊರಬಿದ್ದು ಹದಿನೆಂಟೇ ದಿನಕ್ಕೆ ಹಿಂದೆ ಸರಿದರು. ಬದಲಿಗೆ ಬಂದ ಸಾರ್ಜೆಂಟ್ ಶ್ರೈವರ್ ಏನು ಮಾಡಿದರೂ ಐವತ್ತರಲ್ಲಿ ದಕ್ಕಿದ್ದು ಒಂದೇ ರಾಜ್ಯ. ಈಗಲ್ಟನ್ ನಮ್ಮ ಪಕ್ಷದವರಲ್ಲ, ಆದರೂ ಅವರನ್ನು ನಡೆಸಿಕೊಂಡ ರೀತಿ ನೆನೆದರೆ ಇವತ್ತಿಗೂ ಕೆಡುಕೆನಿಸುತ್ತದೆ.

2024ರ ಜುಲೈಯಲ್ಲಿ ಮಿಲ್ವಾಕಿಯ ನಮ್ಮ ಪಕ್ಷದ ಮಹಾಧಿವೇಶನದಲ್ಲಿ ಟ್ರಂಪ್ ಅವರ ರನ್ನಿಂಗ್ ಮೇಟ್ ಆದವರು, ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯ ಮಿಡಲ್‌ಟೌನಿನಲ್ಲಿ ಬೆಳೆದ ಜೆ. ಡಿ. ವಾನ್ಸ್. ಊರಿನ ಹುಡುಗ ಎಂಬ ಸಂತೋಷ ನನಗಿತ್ತು. ಅವರ ಪತ್ನಿಯ ತಾಯ್ತಂದೆ ಆಂಧ್ರದವರು ಎಂಬ ಸಂತೋಷ ಪಕ್ಕದ ಬೀದಿಯ ತೆಲುಗು ಗೆಳೆಯರಿಗೆ ನನಗಿಂತ ಹೆಚ್ಚಿತ್ತು. ಅಧಿವೇಶನದ ಕಡೆಯ ರಾತ್ರಿ ಟೀವಿ ಕುಸ್ತಿಯ ಹಲ್ಕ್ ಹೋಗನ್ ವೇದಿಕೆಯ ಮೇಲೆ ಅಂಗಿ ಹರಿದುಕೊಂಡರು, ಯುಎಫ್‌ಸಿಯ ಮುಖ್ಯಸ್ಥ ಡೇನಾ ವೈಟ್ ಬಂದು ಟ್ರಂಪ್ ಅವರನ್ನು ಸಭೆಗೆ ಪರಿಚಯಿಸಿದರು. ಕಾಲು ಶತಮಾನದ ಹಿಂದೆ ಕೋಳಿ ಅಂಕ ಎಂದು ಓಡಿಸಿದ್ದನ್ನು ನನ್ನ ಪಕ್ಷ ಆರತಿ ಎತ್ತಿ ಒಳಗೆ ಕರೆದುಕೊಂಡಿತ್ತು. ಕಾಳಗದ ಅಭಿಮಾನಿಯಾಗಿ ಹಿಗ್ಗಿದೆ, ಹಳೆಯ ಕಾಲದ ಮತದಾರನಾಗಿ ಮುಜುಗರಪಟ್ಟೆ. ಅಂಗಿ ಹರಿಯುವುದು ಮೊದಲೇ ಬರೆದಿಟ್ಟ ಕುಸ್ತಿನಾಟಕದ ವರಸೆ. ನಿಜವಾದ ಜಟ್ಟಿ ಅಂಗಿಯನ್ನು ಬಿಚ್ಚಿ ಮಡಿಸಿ ಇಡುತ್ತಾನೆ.

ನಾನು ಕಾಯುವ ಗಳಿಗೆ ಬೇರೆಯೇ ಇದೆ. ತೀರ್ಪುಗಾರರ ಅಂಕ ಓದುವಾಗ ರೆಫರಿ ಇಬ್ಬರ ನಡುವೆ ನಿಂತು, ಒಂದೊಂದು ಕೈಯಲ್ಲಿ ಒಬ್ಬೊಬ್ಬರ ಮಣಿಕಟ್ಟು ಹಿಡಿದಿರುತ್ತಾನೆ. ಹುಬ್ಬು ಒಡೆದು, ಕಿವಿ ಬಾತು, ಬೆವರು ರಕ್ತ ಬೆರೆತ ಇಬ್ಬರೂ ನೆಲ ನೋಡುತ್ತಿರುತ್ತಾರೆ. ಹೆಸರು ಕೂಗಿದಾಗ ಒಂದು ಕೈ ಮೇಲೇಳುತ್ತದೆ, ಇನ್ನೊಂದು ಮಣಿಕಟ್ಟನ್ನು ರೆಫರಿ ಮೆಲ್ಲಗೆ ಬಿಟ್ಟುಬಿಡುತ್ತಾನೆ. ಉಪಾಧ್ಯಕ್ಷರಿಗೂ ಇಂಥದೊಂದು ಕೆಲಸವಿದೆ: ಮತದಾರಮಂಡಲದ ಮತಗಳನ್ನು ಎಣಿಸುವ ಸಭೆಗೆ ಅವರೇ ಅಧ್ಯಕ್ಷರು. ನಿಕ್ಸನ್ 1961ರ ಜನವರಿ 6ರಂದು ಕೆನಡಿಗೆ 303, ತನಗೆ 219 ಎಂದು ತಾವೇ ಸಾರಿದರು. 2001ರಲ್ಲಿ ಅದೇ ದಿನ ಗೋರ್ ಅವರು ಬುಷ್‌ಗೆ 271, ತನಗೆ 266 ಎಂದರು. 2021ರಲ್ಲಿ ಟ್ರಂಪ್ ಅವರ ಉಪಾಧ್ಯಕ್ಷ ಮೈಕ್ ಪೆನ್ಸ್, ತಾವಿಬ್ಬರೂ ಸೋತ ಚುನಾವಣೆಯ ಫಲಿತಾಂಶ ತಿರುಗಿಸುವ ಅಧಿಕಾರ ತನಗಿಲ್ಲ ಎಂದು ಬರೆದುಕೊಟ್ಟು, ದಾಂಧಲೆಗೆ ಸಿಕ್ಕ ಸಭಾಂಗಣಕ್ಕೆ ಮರಳಿ ಬಂದು, ಬೆಳಗಿನ ಜಾವ ಮೂರೂವರೆ ದಾಟಿದ ಮೇಲೆ ಎಣಿಕೆ ಮುಗಿಸಿದರು. ನನ್ನ ಪಕ್ಷದ ಎಷ್ಟೋ ಗೆಳೆಯರಿಗೆ ಅವರ ಹೆಸರೆತ್ತಿದರೆ ಸಿಟ್ಟು ಬರುತ್ತದೆ. ನಾನು ಆ ರಾತ್ರಿ ಎದ್ದಿದ್ದು ಕಡೆಯ ರಾಜ್ಯದ ಎಣಿಕೆಯವರೆಗೂ ನೋಡಿದೆ.

2025ರ ಜನವರಿ 6, ಸೋಮವಾರ. ಹೊರಗೆ ಹಿಮ, ವಾಷಿಂಗ್ಟನ್ನಿನಲ್ಲೂ ಹಿಮ. ಕಮಲಾ ಹ್ಯಾರಿಸ್ ಪೀಠದಲ್ಲಿ ನಿಂತು ಟ್ರಂಪ್‌ಗೆ 312, ತನಗೆ 226 ಎಂದು ಓದಿದರು. ಅವರಿಗೇ ಮತ ಹಾಕಿದ್ದ ನನ್ನಾಕೆ ಸೋಫಾದ ಆ ತುದಿಯಲ್ಲಿ ಶಾಲು ಹೊದ್ದು ಕುಳಿತಿದ್ದಳು. "ರೀ, ಇಲ್ಲಿ ರೆಫರಿಯೂ ಆಕೆಯೇ, ಸೋತವಳೂ ಆಕೆಯೇ. ಮಣಿಕಟ್ಟು ಹಿಡಿಯುವವರು ಯಾರು?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಕಾದು, ನನ್ನ ಮುಂಗೈಯನ್ನು ಅಂಗೈಯಿಂದ ಎರಡು ಸಲ ತಟ್ಟಿ, ಕಾಫಿಗೆ ಡಿಕಾಕ್ಷನ್ ಇಳಿದಿದೆಯೋ ನೋಡಲು ಒಳಗೆ ಹೋದಳು.